ನಕ್ಷಿ ಸವೆದ ಸ್ಲೈಡು

ಸೀಸೆಯ ತಳದಲ್ಲಿ ಅಕ್ಕಿಕಾಳಿಗಿಂತ ಸಣ್ಣದೊಂದು ಚೂರು.
ಚೀಟಿ: ನಿಖತ್, ಒಂಬತ್ತು ವರ್ಷ, ಹದಿನೈದು ಕಿಲೋ.
ಸಣ್ಣಕರುಳು.

ಮೇಣದಲ್ಲಿ ಹೂತೆ. ಒಂದು ಕೂದಲನ್ನು
ಹದಿನೈದಾಗಿ ಸೀಳಿದಷ್ಟು ತೆಳ್ಳಗೆ ಹೆರೆದೆ.
ಬೆಚ್ಚನೆಯ ನೀರಿನ ಮೇಲೆ ಪಟ್ಟಿ ಕೆನೆಯಂತೆ ಬಿಚ್ಚಿಕೊಂಡಿತು.
ಕೋಶದ ಬೀಜಕ್ಕೆ ನೇರಳೆ, ಉಳಿದ ಮೈಗೆ ಗುಲಾಬಿ.
ಬಿರಾದಾರ ಮೇಡಂ ನೋಡಿದರು. ಏನೂ ಅನ್ನದೆ
ಕುರ್ಚಿ ಹಿಂದೆ ಸರಿಸಿದರು.

ಅಪ್ಪ ಬಾಗಿಲಲ್ಲೇ ನಿಂತಿದ್ದ. ಶರ್ಫೊದ್ದೀನ್,
ಚೌಬಾರದ ಹಿಂದಿನ ಗಲ್ಲಿಯಲ್ಲಿ ಬಿದರಿ ಕೆಲಸ,
ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು.
ಕೋಟೆಯ ಮಣ್ಣನ್ನು ನಾಲಗೆಯ ತುದಿಗಿಟ್ಟು
ಇದು ಬೆಳ್ಳಿಯನ್ನು ಬಿಟ್ಟು ಉಳಿದದ್ದನ್ನು ಕಪ್ಪಾಗಿಸುವ ಮಣ್ಣೋ ಅಲ್ಲವೋ
ಹೇಳಬಲ್ಲವ.
"ನಾ ಒಮ್ಮಿ ನೋಡ್ಲೇನ್ರಿ ಅಕ್ಕೋರೆ?"

ಒಂದು ಕಣ್ಣು ಮುಚ್ಚಿ ನೋಡುವುದು ಅವನಿಗೆ ಹೊಸದಲ್ಲ.
"ನಕ್ಷೀನೇ ಇಲ್ಲಲ್ರಿ ಇದ್ರಾಗ.
ಯಾರೋ ಕಾನಸ ಹಾಕಿ ತಿಕ್ಕ್ಯಾರ."

ಕಲಿಸುವ ಪೆಟ್ಟಿಗೆಯಿಂದ ಇನ್ನೊಂದು ತೆಗೆದಿಟ್ಟೆ,
ಯಾರದೋ ಆರೋಗ್ಯ.
ಬೆರಳುಗಳು, ಬದುವಿನಿಂದ ಕಂಡ ಎಳೆಜೋಳದ ಹೊಲದಂತೆ ಒತ್ತೊತ್ತಾಗಿ.
ಒಂದೊಂದು ಬೆರಳಿಗೂ ಕೋಶಗಳ ಒಂದೇ ಸಾಲಿನ ಹೊದಿಕೆ,
ಒಂದೊಂದು ಕೋಶದ ನೆತ್ತಿಗೂ ಕುಂಚದ ರೋಮ.
ಅವು ನನಗೂ ಬಿಡಿಬಿಡಿಯಾಗಿ ಕಾಣವು,
ಗುಲಾಬಿ ಅಂಚೊಂದೇ ಕಾಣುತ್ತದೆ.
ಊಟ ಮಗಳಾಗುವುದು ಆ ಅಂಚಿನಲ್ಲಿ.

ಸಕ್ಕರೆ ಒಂಟಿಯಾಗಿ ಒಳಬರಲಾರದು, ಅಂದೆ.
ಉಪ್ಪಿನ ಎರಡು ಕಣ ಕೈಹಿಡಿದರೆ ಬಾಗಿಲು ತಿರುಗುತ್ತದೆ.
ಬಂದ ಉಪ್ಪನ್ನು ಹಿತ್ತಿಲ ಬಾಗಿಲಲ್ಲೊಬ್ಬ
ಹಗಲಿರುಳು ಹೊರದಬ್ಬುತ್ತಲೇ ಇರುತ್ತಾನೆ.
ಒಳಗೆ ಜಾಗ ಖಾಲಿಯಿದ್ದರಷ್ಟೇ ಮುಂದಿನ ಉಪ್ಪಿಗೆ ಬರುವ ಆಸೆ.
ಎಣ್ಣೆಗೆ ಬೇರೆ ದಾರಿ: ನೇರ ರಕ್ತಕ್ಕಿಳಿಯದೆ
ಬೆರಳ ನಡುವಿನ ಹಾಲುಬಣ್ಣದ ಕಾಲುವೆ ಹಿಡಿದು
ಒಳಗೊಳಗೇ ಕುತ್ತಿಗೆಯ ತನಕ.
"ನಮ್ ನೌಬಾದಿನ ಸುರಂಗ ಬಾವಿ ಇದ್ದಂಗ," ಅಂದ.
ಇಪ್ಪತ್ತೆರಡು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ.

ಏನು ತಿಂತಾಳೆ? ಮೇಡಂ ಕೇಳಿದರು.
ಅವನ ದನಿಯಲ್ಲಿ ತುಸು ಜಂಬ:
"ಜ್ವಾಳದ್ ರೊಟ್ಟಿ ನಾವ್ ತಿಂತೀವ್ರಿ. ಆಕಿಗಿ ಮಾತ್ರ ಗೋದಿ.
ಮುಂಜಾನಿ ಪಾವು, ಸಂಜಿಗಿ ಶೀರ್ಮಾಲ್.
ಸೊರಗ್ಯಾಳಂತ ಒಂದ್ ತುಂಡ್ ಜಾಸ್ತೀನೇ."

ಕೆಲವರ ಮೈಯ ಕಾವಲುಗಾರರು
ಗೋದಿಯನ್ನು ಕಳ್ಳನೆಂದು ಬಗೆದು
ತಮ್ಮದೇ ಗೋಡೆ ಕೆಡವುತ್ತಾರೆ.
ಮೇಡಂ ಇದನ್ನು ಮೆತ್ತಗೇ ಹೇಳಿದರು.
ಅವ ತನ್ನ ಕೈ ನೋಡಿಕೊಂಡ,
ಪಾವು ಹರಿದು ಹಾಲಲ್ಲದ್ದಿ ತಿನಿಸಿದ ಕೈ.

ನಾನು ಅವಸರ ಮಾಡಿದೆ: ಇಲ್ಲಿ ನೋಡಿ, ಬುಡದ ಕುಣಿಗಳು ಇನ್ನೂ ಇವೆ.
ಕೋಶಗಳು ಅಲ್ಲಿ ಹುಟ್ಟಿ ಮೇಲೆ ಹತ್ತುತ್ತವೆ,
ನಾಲ್ಕೈದು ದಿನ ದುಡಿದು ಉದುರಿ ಹೋಗುತ್ತವೆ.
ನಿಮ್ಮ ಸುರಾಹಿ ಸವೆದರೆ ಸವೆಯಿತು.
ಇದು ತನ್ನನ್ನು ತಾನೇ ಮತ್ತೆ ಕೊರೆದುಕೊಳ್ಳುತ್ತದೆ,
ಗೋದಿ ಬಿಟ್ಟರೆ.
"ಬರೇ ಜ್ವಾಳ?"
ಬರೀ ಜೋಳ, ಅಕ್ಕಿ, ಬೇಳೆ. ನೀವು ತಿನ್ನುವುದೇ.
"ನಾವು ತಿನ್ನೋದೇ," ಅಂದ.
ಅದು ಪ್ರಶ್ನೆಯಾಗಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ರಕ್ತ ಕೊಡಲು ಬಂದಳು, ಇಪ್ಪತ್ತೊಂದು ಕಿಲೋ.
ಬೆಂಚಿನ ಮೇಲೆ ಅರಿವೆ ಬಿಚ್ಚಿ ಕಟಿರೊಟ್ಟಿ ಮುರಿದಳು,
ಆ ಸದ್ದು ಲ್ಯಾಬಿನ ತನಕ ಕೇಳಿಸಿತು.
ಹಟ ಹಿಡಿದಳೆಂದು ಹಳೆಯ ಸ್ಲೈಡು ತೋರಿಸಿದೆ.
"ಇದು ನಾನೇನ್ರಿ?"
ಆಗ ನೀನೇ. ಅವೆಲ್ಲ ಉದುರಿ
ಅರವತ್ತು ತಲೆಮಾರು ಕಳೆದವು.
ಕೇಳಿಸಿತೋ ಇಲ್ಲವೋ, ಓಡಿದಳು.

ಒರೆಸಿ, ಪೆಟ್ಟಿಗೆಯಲ್ಲಿಟ್ಟೆ, ನಾಲ್ಕುನೂರ ಹನ್ನೆರಡು.
ಅಲ್ಲಿ ಗಾಜಿನ ಕೆಳಗೊಬ್ಬ ಹುಡುಗಿ
ಅಪ್ಪನ ಕೈಯಿಂದ ಪಾವು ತಿಂದು
ಇನ್ನೂ ಹಸಿದೇ ಇದ್ದಾಳೆ.